ಗೇರ್ ಕೈಕೊಟ್ಟರೆ ಮೊದಲು ಪಂಪಿನ ಸದ್ದು ಕೇಳಿ

ಹಾರಿದ ಮೇಲೆ ಒಳಗೆ ಮಡಚಿಕೊಳ್ಳುವ ಚಕ್ರದ ಕಾಲು, ಅಂದರೆ ಲ್ಯಾಂಡಿಂಗ್ ಗೇರ್, ಮೇಲೆ ಹೋಗಲಿಲ್ಲ ಅಂದ ತಕ್ಷಣ ವಿಮಾನದ ಮಾಲೀಕರು ಹೇಳುವ ಮೊದಲ ಮಾತು, "ಪಂಪ್ ಹೋಗಿದೆ." ನಾನು ರಿಪೇರಿ ಮಾಡಿದ ಸಣ್ಣ ವಿಮಾನಗಳಲ್ಲಿ ಪಂಪಿಗಿಂತ ಸ್ವಿಚ್ಚು, ವೈರು, ಕನೆಕ್ಟರುಗಳ ತಪ್ಪೇ ಜಾಸ್ತಿ. ಅದಕ್ಕೇ ಸ್ಪ್ಯಾನರ್ ಹಿಡಿಯುವ ಮೊದಲು ದೋಷ ಕರೆಂಟಿನ ಕಡೆ ಇದೆಯೋ, ಎಣ್ಣೆಯ ಕಡೆ ಇದೆಯೋ ಅಂತ ತೀರ್ಮಾನ ಮಾಡಿಕೊಳ್ಳಬೇಕು.

ಪೈಪರ್ ಆ್ಯರೋ ತರಹದ ವಿಮಾನವನ್ನೇ ತೆಗೆದುಕೊಳ್ಳಿ. ಅದರಲ್ಲಿ ಎರಡೂ ದಿಕ್ಕಿಗೆ ತಿರುಗುವ ಒಂದು ಎಲೆಕ್ಟ್ರಿಕ್ ಮೋಟಾರ್ ಹೈಡ್ರಾಲಿಕ್ ಪಂಪನ್ನು ಓಡಿಸುತ್ತದೆ. ಗೇರನ್ನು ಮೇಲೆ ಹಿಡಿದಿಡಲು ಬೀಗವಿಲ್ಲ, ಎಣ್ಣೆಯ ಒತ್ತಡವೇ ಹಿಡಿದಿರುತ್ತದೆ. ಒತ್ತಡ ಸುಮಾರು 1800 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಮುಟ್ಟಿದಾಗ ಪ್ರೆಷರ್ ಸ್ವಿಚ್ ಪಂಪನ್ನು ನಿಲ್ಲಿಸುತ್ತದೆ. ಕೆಳಗೆ ಇಳಿಸುವಾಗ ಲೆಕ್ಕ ಬೇರೆ. ಮೂರೂ ಕಾಲುಗಳು ಪೂರ್ತಿ ಇಳಿದು, ಅವುಗಳ ಡೌನ್ ಲಿಮಿಟ್ ಸ್ವಿಚ್‌ಗಳು ಒತ್ತಿಕೊಂಡ ಮೇಲೆಯೇ ಪಂಪ್ ನಿಲ್ಲುತ್ತದೆ. ಈ ವ್ಯತ್ಯಾಸ ತಲೆಯಲ್ಲಿದ್ದರೆ ಅರ್ಧ ಕೆಲಸ ಮುಗಿದ ಹಾಗೆ. ಸೆಸ್ನಾ 172ಆರ್‌ಜಿಯಲ್ಲಿ ಒತ್ತಡ 1000ದಿಂದ 1500 ಪಿಎಸ್‌ಐ ನಡುವೆ ಇರುತ್ತದೆ. ಹಾಗಾಗಿ ಒಂದು ವಿಮಾನದ ಅಂಕಿಯನ್ನು ಇನ್ನೊಂದಕ್ಕೆ ಹಾಕಬೇಡಿ, ನಿಮ್ಮ ಮಾದರಿಯ ಕೈಪಿಡಿಯನ್ನೇ ನೋಡಿ.

ಮೊದಲು ವಿಮಾನವನ್ನು ಜಾಕ್ ಮೇಲೆ ಎತ್ತಿ, ಬಾಲಕ್ಕೆ ಭಾರ ಕಟ್ಟಿ. ಹೊರಗಿನ ಪವರ್ ಕೊಡಿ, ಯಾಕೆಂದರೆ ನಾಲ್ಕು ಸಲ ಗೇರ್ ಎತ್ತಿ ಇಳಿಸಿದರೆ ಬ್ಯಾಟರಿ ಸೊರಗಿ ನಿಮ್ಮ ಪರೀಕ್ಷೆಯೇ ಸುಳ್ಳಾಗುತ್ತದೆ. ಗೇರ್ ಬಾವಿಯೊಳಗೆ (ಕಾಲು ಮಡಚಿಕೊಳ್ಳುವ ಗೂಡು) ಯಾರ ಕೈಯೂ ತಲೆಯೂ ಇರಬಾರದು. ಒಬ್ಬರು ಕಾಕ್‌ಪಿಟ್‌ನಲ್ಲಿ ಕೂರಲಿ, ಇನ್ನೊಬ್ಬರು ಪವರ್ ಪ್ಯಾಕ್ (ಮೋಟಾರ್, ಪಂಪ್ ಸೇರಿದ ಘಟಕ) ಹತ್ತಿರ ಕಿವಿ ಇಡಲಿ.

ಸೆಲೆಕ್ಟರ್ (ಗೇರ್ ಎತ್ತುವ, ಇಳಿಸುವ ಸ್ವಿಚ್) ಹಾಕಿದಾಗ ಸೊಲೆನಾಯ್ಡ್ (ಮೋಟಾರಿಗೆ ಕರೆಂಟ್ ಬಿಡುವ ರಿಲೇ) 'ಟಕ್' ಅನ್ನದಿದ್ದರೆ ಎಣ್ಣೆಯ ಮಾತೇ ಬೇಡ. ಸರ್ಕ್ಯೂಟ್ ಬ್ರೇಕರ್, ಸೆಲೆಕ್ಟರ್ ಸ್ವಿಚ್, ಪ್ರೆಷರ್ ಸ್ವಿಚ್, ಸ್ಕ್ವಾಟ್ ಸ್ವಿಚ್ (ವಿಮಾನ ನೆಲದ ಮೇಲಿದೆಯೋ ಇಲ್ಲವೋ ತಿಳಿಸುವ ಸ್ವಿಚ್), ಇವುಗಳನ್ನು ಮೀಟರ್ ಹಿಡಿದು ಒಂದೊಂದಾಗಿ ನೋಡಿ. ಬ್ರೇಕರ್‌ಗಳು ಸಾಮಾನ್ಯವಾಗಿ ಎರಡಿರುತ್ತವೆ, ಮೋಟಾರಿಗೆ ದೊಡ್ಡದು, ಕಂಟ್ರೋಲಿಗೆ ಸಣ್ಣದು. ಸಣ್ಣದನ್ನು ನೋಡಲು ಮರೆಯುವವರೇ ಜಾಸ್ತಿ. ಟೇಕಾಫ್ ಆದಮೇಲೆ ಮಾತ್ರ ಗೇರ್ ಏಳುತ್ತಿಲ್ಲ ಅಂದರೆ ನನ್ನ ಮೊದಲ ಅನುಮಾನ ಸ್ಕ್ವಾಟ್ ಸ್ವಿಚ್ ಮೇಲೆ. ಅದು ಚಕ್ರದ ಸ್ಟ್ರಟ್ ಪಕ್ಕದಲ್ಲೇ ಇದ್ದು ಕೆಸರು, ನೀರು, ಗ್ರೀಸ್ ಎಲ್ಲವನ್ನೂ ಮೈಮೇಲೆ ಹಾಕಿಕೊಳ್ಳುತ್ತದೆ. ವಿಮಾನ ಇನ್ನೂ ನೆಲದ ಮೇಲಿದೆ ಅಂತ ಅದು ಹೇಳುತ್ತಿದ್ದರೆ ಪಂಪಿಗೆ ಕರೆಂಟ್ ಹೋಗುವುದೇ ಇಲ್ಲ.

'ಟಕ್' ಅಂದು ಮೋಟಾರ್ ಸುಮ್ಮನಿದ್ದರೆ, ಇಲ್ಲವೇ ನರಳುತ್ತಾ ತಿರುಗಿದರೆ, ಸೆಲೆಕ್ಟರ್ ಹಾಕಿದ ಸ್ಥಿತಿಯಲ್ಲೇ ಮೋಟಾರಿನ ಟರ್ಮಿನಲ್‌ನಲ್ಲಿ ವೋಲ್ಟೇಜ್ ಅಳೆಯಿರಿ. ಮೋಟಾರಿಗೆ ಕರೆಂಟ್ ಹರಿಯದಾಗ ಅಳೆದ ವೋಲ್ಟೇಜ್ ಏನನ್ನೂ ಹೇಳುವುದಿಲ್ಲ. ಬ್ಯಾಟರಿ ಬಳಿ ಚೆನ್ನಾಗಿದ್ದು ಇಲ್ಲಿ ತುಂಬ ಕಡಿಮೆ ಇದ್ದರೆ ಸೊಲೆನಾಯ್ಡ್‌ನ ಕಾಂಟ್ಯಾಕ್ಟ್ ಸುಟ್ಟಿರಬಹುದು, ಅರ್ತ್ ವೈರ್ ತುಕ್ಕು ಹಿಡಿದಿರಬಹುದು. ಒಬ್ಬರು ಹೊಸ ಪವರ್ ಪ್ಯಾಕ್ ಹಾಕಿಸಿದ ಮೇಲೂ ಗೇರ್ ನಿಧಾನ ಅಂತ ನನ್ನ ಬಳಿ ಬಂದಿದ್ದರು. ಅರ್ತ್ ವೈರಿನ ತುದಿ ಬಿಚ್ಚಿ, ಉಜ್ಜಿ, ಬಿಗಿ ಮಾಡಿದೆ, ಅಷ್ಟೇ. ಮೇಲೆ ಹೋಗುತ್ತದೆ, ಕೆಳಗೆ ಬರುವುದಿಲ್ಲ ಅನ್ನುವ ದೂರು ಹುಡುಕಲು ಸುಲಭ. ಬ್ಯಾಟರಿ, ದೊಡ್ಡ ಬ್ರೇಕರ್ ಸರಿ ಇವೆ ಅಂತ ಆಯಿತು. ಇನ್ನು ಇಳಿಸುವ ದಿಕ್ಕಿನ ಸೊಲೆನಾಯ್ಡ್ ಮತ್ತು ವೈರನ್ನು ಮೊದಲು ನೋಡಿ.

ಈಗ ಎಣ್ಣೆಯ ಕಡೆ. ಹಾರಾಟದಲ್ಲಿ ಗೇರ್ ಮೇಲಿದ್ದಾಗ ಪಂಪ್ ಅಪರೂಪಕ್ಕೆ ಒಂದು ಕ್ಷಣ ಓಡಿ ನಿಲ್ಲುವುದು ಸಹಜ. ಮೇಲೆ ಚಳಿಗೆ ಎಣ್ಣೆ ಸ್ವಲ್ಪ ಕುಗ್ಗುತ್ತದೆ. ಆದರೆ ಮತ್ತೆ ಮತ್ತೆ ಓಡುತ್ತಿದ್ದರೆ ಒತ್ತಡ ಎಲ್ಲೋ ಸೋರುತ್ತಿದೆ. ಹೊಟ್ಟೆಯಡಿ ಕೆಂಪು ಎಣ್ಣೆ ಕಂಡರೆ ಅದರ ಜಾಡು ಹಿಡಿದು ಹೋಗಿ. ಹೊರಗೆಲ್ಲ ಒಣಗಿದ್ದರೆ ಸೋರಿಕೆ ಒಳಗೇ ಇದೆ: ಕಾಲನ್ನು ಎತ್ತಿ ಇಳಿಸುವ ಆಕ್ಚುಯೇಟರ್ ಪಿಸ್ಟನ್ನಿನ ಓ-ರಿಂಗ್ ಸೀಲು, ಎಣ್ಣೆ ಹಿಂದಕ್ಕೆ ಹರಿಯದಂತೆ ತಡೆಯುವ ಪವರ್ ಪ್ಯಾಕ್‌ನ ಚೆಕ್ ವಾಲ್ವ್, ಅಥವಾ ಪೂರ್ತಿ ಮುಚ್ಚಿಕೊಳ್ಳದ, ಒತ್ತಡ ಬಿಡುವ ತುರ್ತು ವಾಲ್ವ್. ಯಾವುದು ಅಂತ ಗೊತ್ತಾಗಲು ಗೇರ್ ಇಳಿಸಿ, ಒತ್ತಡ ಬಿಟ್ಟು, ಕೈಪಿಡಿ ಹೇಳಿದಂತೆ ಒಂದು ಕಾಲಿನ ಪೈಪುಗಳಿಗೆ ಮುಚ್ಚಳ ಹಾಕಿ, ಉಳಿದ ಎರಡನ್ನು ಎತ್ತಿ ನೋಡಿ. ಪಂಪ್ ಸುಮ್ಮನಾದರೆ ಮುಚ್ಚಿದ ಕಾಲೇ ಕಳ್ಳ. ಗೇರ್ ಮೇಲಿದ್ದಾಗ ಮಾತ್ರ ಪೈಪ್ ಬಿಚ್ಚಬೇಡಿ, ಧಡ್ ಅಂತ ಬೀಳುತ್ತದೆ.

ಎಣ್ಣೆ ತುಂಬಿಸುವಾಗ ಎಂಐಎಲ್-ಎಚ್-5606 (ವಿಮಾನದ ಕೆಂಪು ಹೈಡ್ರಾಲಿಕ್ ಎಣ್ಣೆ) ಅಂತ ಕೈಪಿಡಿಯಲ್ಲಿದ್ದರೆ ಅದನ್ನೇ ಹಾಕಿ. ಕಾರಿನ ಬ್ರೇಕ್ ಎಣ್ಣೆಯಾಗಲಿ, ದೊಡ್ಡ ಜೆಟ್‌ಗಳ ನೇರಳೆ ಸ್ಕೈಡ್ರಾಲ್ ಆಗಲಿ ಈ ಸೀಲುಗಳನ್ನು ಹಾಳು ಮಾಡುತ್ತವೆ.

ಇನ್ನು, ಕಾಲು ಇಳಿದು ಲಾಕ್ ಆಗಿದೆ ಅಂತ ತೋರಿಸುವ ಹಸಿರು ದೀಪ. ಒಂದು ಬರದಿದ್ದರೆ ಪಕ್ಕದ ದೀಪದ ಬಲ್ಬನ್ನು ಅಲ್ಲಿಗೆ ಹಾಕಿ ನೋಡಿ. ಆ್ಯರೋದಲ್ಲಿ ಪ್ಯಾನೆಲ್ ಲೈಟ್ ಹಾಕಿದ್ದರೆ ಗೇರ್ ದೀಪಗಳು ಮಂಕಾಗುತ್ತವೆ, ಹಗಲಲ್ಲಿ ಆರಿದಂತೆಯೇ ಕಾಣುತ್ತವೆ. ಬಲ್ಬ್ ಸರಿ ಇದ್ದೂ ದೀಪ ಬರದಿದ್ದರೆ ಕೆಲವರು ಲಿಮಿಟ್ ಸ್ವಿಚ್ಚನ್ನು ಸ್ವಲ್ಪ ಬಾಗಿಸಿ ಹಸಿರು ಬರಿಸುತ್ತಾರೆ. ಇದು ನನಗೆ ಸಿಟ್ಟು ಬರಿಸುವ ಕೆಲಸ. ಬುಷ್ ಸವೆದು, ಕಾಲಿನ ಲಿಂಕ್ ಪೂರ್ತಿ ನೇರವಾಗಿ ಲಾಕ್ ಆಗದೆ ಇರಬಹುದು. ಹಾಗಿದ್ದರೆ ಸ್ವಿಚ್ ನಿಜವನ್ನೇ ಹೇಳುತ್ತಿದೆ, ಅದರ ಬಾಯಿ ಯಾಕೆ ಮುಚ್ಚಿಸುತ್ತೀರಿ? ಮೊದಲು ಲಾಕ್ ನೋಡಿ, ಸವೆತ ಅಳೆಯಿರಿ, ಸ್ವಿಚ್ ಕೊನೆಗೆ.

ಆಕಾಶದಲ್ಲೇ ತೊಂದರೆಯಾದರೆ ಇದೆಲ್ಲ ಅಲ್ಲಿ ಮಾಡುವ ಕೆಲಸವಲ್ಲ. ವಿಮಾನ ಹಾರಿಸುವುದು ಮೊದಲು. 1972ರ ಡಿಸೆಂಬರ್‌ನಲ್ಲಿ ಈಸ್ಟರ್ನ್ ಏರ್‌ಲೈನ್ಸ್‌ನ 401ನೇ ವಿಮಾನದ ಸಿಬ್ಬಂದಿ ಮೂಗಿನ ಗೇರಿನ ಸುಟ್ಟ ಬಲ್ಬ್‌ನಲ್ಲೇ ಮುಳುಗಿಹೋಗಿದ್ದಾಗ, ವಿಮಾನ ಎತ್ತರ ಕಳೆದುಕೊಳ್ಳುತ್ತಿರುವುದು ಯಾರಿಗೂ ಗೊತ್ತಾಗದೆ ಫ್ಲಾರಿಡಾದ ಜೌಗಿಗೆ ಬಿತ್ತು. ಸುರಕ್ಷಿತ ಎತ್ತರಕ್ಕೆ ಹೋಗಿ, ಕೈಪಿಡಿಯ ವೇಗಕ್ಕೆ ಇಳಿದು, ತುರ್ತು ಕ್ರಮ ಓದಿಕೊಂಡು ಮಾಡಿ. ಆ್ಯರೋದಲ್ಲಿ ತುರ್ತು ಲಿವರ್ ಒತ್ತಿ ಎಣ್ಣೆಯ ಒತ್ತಡ ಬಿಟ್ಟರೆ ಗೇರ್ ತಾನೇ ಬೀಳುತ್ತದೆ. 172ಆರ್‌ಜಿಯಲ್ಲಿ ಕೈಪಂಪ್ ಹೊಡೆಯಬೇಕು.

ರಿಪೇರಿ ಮುಗಿದ ಮೇಲೆ ಜಾಕ್ ಮೇಲೆಯೇ ಹಲವು ಸಲ ಎತ್ತಿ ಇಳಿಸಿ. ಗಾಳಿ ಸಿಕ್ಕಿಕೊಂಡಿದ್ದರೆ ಬಹುಮಟ್ಟಿಗೆ ಇದರಲ್ಲೇ ಹೊರಹೋಗುತ್ತದೆ. ಎಣ್ಣೆಯ ಮಟ್ಟ ಮತ್ತೆ ನೋಡಿ. ಪವರ್ ಪೂರ್ತಿ ತೆಗೆದು ತುರ್ತು ಇಳಿಕೆಯನ್ನೂ ಪರೀಕ್ಷಿಸಿ, ಇದನ್ನು ಬಿಡುವವರು ಬಹಳ. ಲೈಸೆನ್ಸ್ ಇರುವ ಎಂಜಿನಿಯರ್ ನೋಡಿ ಲಾಗ್‌ಬುಕ್‌ಗೆ ಸಹಿ ಹಾಕುವವರೆಗೆ ಜಾಕ್ ಇಳಿಸಬೇಡಿ.