ವಾಚ್‌ಡಾಗ್‌ಗೆ ಎಷ್ಟು ಸೆಕೆಂಡ್ ಕೊಡಬೇಕು?

ವಾಚ್‌ಡಾಗ್ ಎಂದರೆ ಕೋಡ್ ಹ್ಯಾಂಗ್ ಆದಾಗ ಚಿಪ್ಪನ್ನು ರೀಸೆಟ್ ಮಾಡುವ ಟೈಮರ್. ಕೋಡ್ ಆಗಾಗ ಅದಕ್ಕೆ ಸೂಚನೆ ಕೊಟ್ಟು ಎಣಿಕೆಯನ್ನು ಮೊದಲಿನಿಂದ ಶುರು ಮಾಡಿಸುತ್ತಿರಬೇಕು, ಅದೇ ಕಿಕ್. ಟೈಮ್‌ಔಟ್‌ನೊಳಗೆ ಕಿಕ್ ಬಾರದಿದ್ದರೆ ರೀಸೆಟ್. ಈ ಟೈಮ್‌ಔಟ್ ಎಷ್ಟಿಡಲಿ ಎಂದು ತಂಡಕ್ಕೆ ಹೊಸದಾಗಿ ಬಂದವರು ಕೇಳಿದರೆ, ನಾನು ಮೊದಲು ಕೇಳುವುದು ಆ ಬೋರ್ಡ್ ಏನನ್ನು ಓಡಿಸುತ್ತಿದೆ ಅಂತ. ನಾನು ಫರ್ಮ್‌ವೇರ್ ಬರೆಯುವುದು ಬೋರ್‌ವೆಲ್ ಮೋಟರಿನ ಮೊಬೈಲ್ ಸ್ಟಾರ್ಟರ್‌ಗೆ. ರಿಲೇ (ಮೋಟರ್ ಓಡಿಸುವ ಸ್ವಿಚ್) ಆನ್ ಇದ್ದಾಗಲೇ ಕೋಡ್ ಹ್ಯಾಂಗ್ ಆಗಿ, ಅದೇ ಹೊತ್ತಿಗೆ ಕೊಳವೆಬಾವಿಯಲ್ಲಿ ನೀರು ನಿಂತರೆ, ಡ್ರೈ ರನ್ (ನೀರಿಲ್ಲದೆ ಮೋಟರ್ ಓಡುವುದು) ನೋಡಿಕೊಳ್ಳಬೇಕಾದ ಕೋಡೇ ಎಚ್ಚರವಿರುವುದಿಲ್ಲ. ಮೋಟರ್ ಸುಟ್ಟರೆ ರೈತರು ಪೈಪ್ ಸಮೇತ ಮೇಲೆತ್ತಿಸಿ ವೈಂಡಿಂಗ್ ಮಾಡಿಸಬೇಕು. ಆದ್ದರಿಂದ ನಾವು ಹಾಕಿಕೊಂಡ ಗಡಿ: ಹ್ಯಾಂಗ್ ಆದ 10 ಸೆಕೆಂಡಿನೊಳಗೆ ರಿಲೇ ಬಿಡಲೇಬೇಕು. ಇದು ಮೇಲಿನ ಮಿತಿ.

ಕೆಳಗಿನ ಮಿತಿ ಕೋಡಿನಿಂದ ಬರುತ್ತದೆ. ಎಲ್ಲ ಸರಿಯಿದ್ದೂ ಎರಡು ಕಿಕ್‌ಗಳ ನಡುವೆ ಅತಿ ಹೆಚ್ಚೆಂದರೆ ಎಷ್ಟು ಹೊತ್ತು ಹಿಡಿಯಬಹುದು? ನಾವು ಬಳಸುವ ಎಸ್‌ಟಿಎಂ32ಎಫ್407 ಚಿಪ್‌ನಲ್ಲಿ ಇದನ್ನು ನಿರ್ಧರಿಸುವುದು ಫ್ಲ್ಯಾಶ್ ಇರೇಸ್, ಅಂದರೆ ಕೋಡ್, ಸೆಟ್ಟಿಂಗ್ಸ್ ಇರುವ ಮೆಮೊರಿಯ ಒಂದು ಸೆಕ್ಟರ್ ಅಳಿಸುವುದು. 128 ಕೆಬಿ ಸೆಕ್ಟರ್ ಅಳಿಸಲು ಸಾಮಾನ್ಯವಾಗಿ 1 ಸೆಕೆಂಡ್ ಸಾಕು, ಆದರೆ ಡೇಟಾಶೀಟ್ 2 ಸೆಕೆಂಡ್‌ವರೆಗೂ ಹೋಗಬಹುದು ಎನ್ನುತ್ತದೆ. ಅದು ಕೂಡ ಫ್ಲ್ಯಾಶ್ ಕೆಲಸವನ್ನು 32 ಬಿಟ್ ಅಗಲಕ್ಕೆ ಹೊಂದಿಸಿದಾಗ, ನಾವು ಇಟ್ಟಿರುವುದು ಅದನ್ನೇ. 8 ಬಿಟ್‌ನಲ್ಲಾದರೆ 4. ಅಷ್ಟು ಹೊತ್ತು ಫ್ಲ್ಯಾಶ್‌ನಿಂದ ಓಡುವ ಕೋಡ್ ನಿಂತೇ ಇರುತ್ತದೆ, ನಡುವೆ ಕಿಕ್ ಮಾಡಲು ದಾರಿಯಿಲ್ಲ. ಹಾಗಾಗಿ ನಮಗೆ 2.5 ಸೆಕೆಂಡಾದರೂ ಬೇಕು.

ಇನ್ನು ಲೆಕ್ಕ. ಇಲ್ಲೇ ಹೆಚ್ಚಿನವರು ಎಡವುವುದು. ಈ ಚಿಪ್‌ನ ಇಂಡಿಪೆಂಡೆಂಟ್ ವಾಚ್‌ಡಾಗ್ ಓಡುವುದು ಎಲ್‌ಎಸ್‌ಐ ಎಂಬ ಒಳಗಿನ ಆರ್‌ಸಿ ಆಸಿಲೇಟರ್ ಮೇಲೆ. ಅದು 32 ಕಿಲೋಹರ್ಟ್ಸ್ ಅಂತ ಎಲ್ಲರೂ ಹೇಳುತ್ತಾರೆ. ಡೇಟಾಶೀಟ್ ಕೊಡುವ ವ್ಯಾಪ್ತಿ 17ರಿಂದ 47. ಆಸಿಲೇಟರ್ ವೇಗವಾದಷ್ಟೂ ಟೈಮ್‌ಔಟ್ ಬೇಗ ಮುಗಿಯುತ್ತದೆ, ಆದ್ದರಿಂದ ಕನಿಷ್ಠ ಮಿತಿಯನ್ನು 47ರಲ್ಲೇ ಲೆಕ್ಕ ಹಾಕಿ. ಪ್ರೀಸ್ಕೇಲರ್ (ಆ ವೇಗವನ್ನು ಭಾಗಿಸುವ ಸಂಖ್ಯೆ) 64 ಇಟ್ಟರೆ ಸೆಕೆಂಡಿಗೆ ಸುಮಾರು 734 ಟಿಕ್, 2.5 ಸೆಕೆಂಡಿಗೆ ರೀಲೋಡ್ (ಎಣಿಕೆ ಶುರುವಾಗುವ ಸಂಖ್ಯೆ) 1836. ಅದೇ ಸಂಖ್ಯೆ 32ರಲ್ಲಿ 3.7 ಸೆಕೆಂಡ್, 17ರಲ್ಲಿ 6.9 ಸೆಕೆಂಡ್. 6.9 ನಮ್ಮ 10ರೊಳಗಿದೆ, ಹಾಗಾಗಿ ಒಪ್ಪಿದೆವು. ಒಂದು ವೇಳೆ ದಾಟಿದ್ದರೆ? ಚಿಪ್‌ನ ಟಿಐಎಂ5 ಎಂಬ ಟೈಮರಿನ ನಾಲ್ಕನೇ ಚಾನಲ್‌ಗೆ ಎಲ್‌ಎಸ್‌ಐ ಜೋಡಿಸಿ ಅದರ ನಿಜವಾದ ವೇಗ ಅಳೆದು, ಬೂಟ್ ಆಗುವಾಗಲೇ ರೀಲೋಡ್ ಲೆಕ್ಕ ಹಾಕಬಹುದು. ಇಲ್ಲವೇ ಸೆಟ್ಟಿಂಗ್ಸ್ ಅನ್ನು 16 ಕೆಬಿಯ ಸಣ್ಣ ಸೆಕ್ಟರ್‌ಗೆ ಸಾಗಿಸಿ, ಇರೇಸ್ ಸಮಯವನ್ನೇ ಇಳಿಸಿ.

ಮೋಡೆಮ್ ಡ್ರೈವರ್ ವಿಷಯಕ್ಕೆ ಬಂದಾಗ ನಾನು ಪಟ್ಟು ಬಿಡುವುದಿಲ್ಲ. ಮೋಡೆಮ್‌ಗೆ ಕಳಿಸುವ ಕೆಲವು ಎಟಿ ಕಮಾಂಡ್‌ಗಳಿಗೆ ಉತ್ತರ ಬರಲು ಒಂದು ನಿಮಿಷಕ್ಕೂ ಹೆಚ್ಚು ಬೇಕಾಗಬಹುದು. ಅದಕ್ಕೆಂದು ಟೈಮ್‌ಔಟ್ ಹಿಗ್ಗಿಸಬೇಡಿ. ಕಾಯುವ ಕೆಲಸವನ್ನು ಸ್ಟೇಟ್ ಮೆಷಿನ್ (ಹಂತ ಹಂತವಾಗಿ ಸಾಗುವ ಕೋಡ್) ಆಗಿ ಬರೆಯಿರಿ, ಅದು ಪ್ರತಿ ಸುತ್ತಿನಲ್ಲೂ ಉತ್ತರ ಬಂತಾ ಎಂದು ನೋಡಿ ಮುಂದೆ ಹೋಗಲಿ. ನೆಟ್‌ವರ್ಕ್ ನಿಧಾನವಾದದ್ದಕ್ಕೆ ಮೋಟರಿನ ರಕ್ಷಣೆ ಸಡಿಲವಾಗಬಾರದು.

ಕಿಕ್ ಅನ್ನು ಟೈಮರ್ ಇಂಟರಪ್ಟ್‌ನಲ್ಲಿ (ಮೇನ್ ಲೂಪನ್ನು ತಡೆದು ಆಗಾಗ ಓಡುವ ಕೋಡಿನಲ್ಲಿ) ಇಡಬೇಡಿ. ಮೇನ್ ಲೂಪ್ ಸತ್ತರೂ ಇಂಟರಪ್ಟ್ ಬರುತ್ತಲೇ ಇರುತ್ತದೆ. ಪ್ರತಿ ಟಾಸ್ಕ್ ತನ್ನ ಬಿಟ್ ಎತ್ತಲಿ, ಎಲ್ಲ ಬಿಟ್ ಎದ್ದ ಮೇಲೆ ಒಂದೇ ಕಡೆ ಕಿಕ್ ಮಾಡಿ, ಬಿಟ್‌ಗಳನ್ನು ಅಳಿಸಿ.

ಲಿನಕ್ಸ್ ಡ್ರೈವರ್ ಆದರೆ ಸಂಖ್ಯೆಯನ್ನು ಕೋಡಿನಲ್ಲೇ ಹೂಳಬೇಡಿ. ಹಾರ್ಡ್‌ವೇರ್‌ಗೆ ಸಾಧ್ಯವಿರುವ ಕನಿಷ್ಠ, ಗರಿಷ್ಠ ಮಿತಿ ತಿಳಿಸಿ, ಬೇಕಾದ ಮೌಲ್ಯ ಡಿವೈಸ್ ಟ್ರೀಯಿಂದ (ಬೋರ್ಡಿನ ಹಾರ್ಡ್‌ವೇರ್ ವಿವರಗಳ ಫೈಲ್) ಬರಲಿ.

ಕೊನೆಗೆ ಪರೀಕ್ಷೆ. ರಿಲೇ ಆನ್ ಮಾಡಿ ಕೋಡನ್ನು ಬೇಕೆಂದೇ ಅನಂತ ಲೂಪ್‌ಗೆ ನೂಕಿ, ರಿಲೇ ಬಿಡುವ ಹೊತ್ತನ್ನು ಸ್ಕೋಪಿನಲ್ಲಿ ಅಳೆಯಿರಿ. ರೀಸೆಟ್ ಆದಾಗ ರಿಲೇ ನಡೆಸುವ ಪಿನ್ ಫ್ಲೋಟಿಂಗ್ ಆಗುತ್ತದೆ, ಅಂದರೆ ಹೈ ಕೂಡ ಅಲ್ಲ, ಲೋ ಕೂಡ ಅಲ್ಲ. ರಿಲೇ ಟ್ರಾನ್ಸಿಸ್ಟರ್‌ನ ಬೇಸ್‌ಗೆ ಪುಲ್‌ಡೌನ್ (ಅದನ್ನು ಲೋನಲ್ಲೇ ಹಿಡಿದಿಡುವ ರೆಸಿಸ್ಟರ್) ಇದೆಯಾ ನೋಡಿ. ಬೋರ್ಡ್ ಬಿಸಿಯಾಗಿದ್ದಾಗ ಇನ್ನೊಮ್ಮೆ ಅಳೆಯಿರಿ, ಎಲ್‌ಎಸ್‌ಐ ತಾಪಕ್ಕೆ ಬದಲಾಗುತ್ತದೆ. ಬೂಟ್ ಆದ ಕೂಡಲೇ ರೀಸೆಟ್ ಕಾರಣದ ಫ್ಲ್ಯಾಗ್ ಓದಿ ಲಾಗ್‌ಗೆ ಬರೆದು, ಆಮೇಲಷ್ಟೇ ಅಳಿಸಿ.