ಹಳೆಯ ಕಾಲುಚೀಲಕ್ಕೆ ಬಾಯಿ, ರೇಷ್ಮೆ ಗೂಡಿಗೆ ಕಣ್ಣು

ಶಾಲೆಯ ಕಾಲುಚೀಲಗಳು ವರ್ಷ ಮುಗಿಯುವ ಹೊತ್ತಿಗೆ ಹಿಮ್ಮಡಿಯಲ್ಲಿ ತೂತಾಗಿರುತ್ತವೆ, ಇಲ್ಲವೇ ಜೋಡಿಯಲ್ಲಿ ಒಂದು ಕಾಣೆಯಾಗಿರುತ್ತದೆ. ಬೇಸಿಗೆ ರಜೆಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಅವುಗಳಿಂದ ಕೈಬೊಂಬೆ ಮಾಡಿ. ಇದಕ್ಕಾಗಿ ಹೊಸದಾಗಿ ಏನನ್ನೂ ಕೊಳ್ಳಬೇಡಿ. ಹಳೆಯ ಲಗ್ನಪತ್ರಿಕೆಯ ದಪ್ಪ ರಟ್ಟು, ದರ್ಜಿಯ ಅಂಗಡಿಯ ಚಿಂದಿ, ಅಂಗಿಯ ಗುಂಡಿ, ಮಿಕ್ಕ ಉಣ್ಣೆ ದಾರ, ಸೂಜಿ, ಗೋಂದು ಸಾಕು. ಶಿಡ್ಲಘಟ್ಟ, ಚಿಂತಾಮಣಿ ಕಡೆಯವರಿಗೆ ಇನ್ನೊಂದು ಅನುಕೂಲವಿದೆ. ಚಿಟ್ಟೆ ಕೊರೆದು ಹೊರಬಂದ ರೇಷ್ಮೆ ಗೂಡುಗಳನ್ನು ಪರಿಚಯದವರಲ್ಲಿ ಕೇಳಿ ನೋಡಿ.

ಮೊಣಕಾಲಿನವರೆಗೆ ಬರುವ ಕಾಲುಚೀಲವೇ ಒಳ್ಳೆಯದು. ಗಿಡ್ಡದಾದರೆ ಮಣಿಕಟ್ಟು ಕಾಣಿಸಿ ಬೊಂಬೆ ಕುತ್ತಿಗೆಯಿಲ್ಲದಂತಾಗುತ್ತದೆ. ಒಗೆದು ಒಣಗಿಸಿ ಇಟ್ಟುಕೊಳ್ಳಿ.

ಮೊದಲು ಬಾಯಿ

ಬಹಳ ಮಂದಿ ಕಣ್ಣು, ಮೂಗು ಅಂಟಿಸಿ ಬೊಂಬೆ ಮುಗಿಯಿತು ಎನ್ನುತ್ತಾರೆ. ಬಾಯಿ ಸರಿಯಿಲ್ಲದ ಬೊಂಬೆಯನ್ನು ಮಕ್ಕಳು ಅರ್ಧ ದಿನದಲ್ಲೇ ಮೂಲೆಗೆ ಎಸೆಯುತ್ತಾರೆ. ಆದ್ದರಿಂದ ಹೆಚ್ಚಿನ ಶ್ರಮ ಇಲ್ಲೇ ಬೀಳಲಿ. ಏಳೆಂಟು ವರ್ಷದ ಮಗುವಿನ ಕೈಗೆ ಸುಮಾರು 12 ಸೆಂ.ಮೀ. ಉದ್ದ, 7 ಸೆಂ.ಮೀ. ಅಗಲದ ಮೊಟ್ಟೆಯಾಕಾರದ ರಟ್ಟು ಸಾಕು. ಅದನ್ನು ಅಡ್ಡಲಾಗಿ ನಡುವೆ ಮಡಚಿ. ಅದಕ್ಕಿಂತ ಸುತ್ತಲೂ ಒಂದು ಸೆಂ.ಮೀ. ದೊಡ್ಡದಾಗಿ ಕೆಂಪು ಬಟ್ಟೆ ಕತ್ತರಿಸಿ.

ಹಿಮ್ಮಡಿ ಮೇಲೆ ಬರುವಂತೆ ಕಾಲುಚೀಲವನ್ನು ಮಟ್ಟಸವಾಗಿ ಹಾಸಿ, ಕಾಲ್ಬೆರಳು ಬರುವ ತುದಿಯಿಂದ ಎರಡೂ ಅಂಚುಗಳಲ್ಲಿ ಸುಮಾರು 5 ಸೆಂ.ಮೀ. ಕತ್ತರಿಸಿ. ಮೇಲ್ದುಟಿ, ಕೆಳದುಟಿ ಎರಡೂ ಸಿಕ್ಕವು. ಈಗ ಕಾಲುಚೀಲವನ್ನು ಒಳಹೊರಗು ಮಾಡಿ, ಕೆಂಪು ಬಟ್ಟೆಯ ಅಂಚನ್ನು ಈ ತುಟಿಗಳಿಗೆ ಸುತ್ತಲೂ ಹೊಲಿಯಿರಿ. ಬಟ್ಟೆಯ ಬೆನ್ನಿಗೆ ರಟ್ಟನ್ನು ಅಂಟಿಸಿ. ರಟ್ಟಿನ ಮೇಲೆ ಎರಡು ಬಟ್ಟೆಯ ಪಟ್ಟಿಗಳನ್ನು ತುದಿಗಳಷ್ಟೇ ಅಂಟುವಂತೆ ಕೂರಿಸಬೇಕು: ಮೇಲಿನದು ನಾಲ್ಕು ಬೆರಳು ತೂರಿಸಲು, ಕೆಳಗಿನದು ಹೆಬ್ಬೆರಳಿಗೆ. ಈ ಪಟ್ಟಿಗಳಿಲ್ಲದಿದ್ದರೆ ಬಾಯಿ ಕೈಯಿಂದ ಜಾರುತ್ತಲೇ ಇರುತ್ತದೆ. ಒಂದು ರಾತ್ರಿ ಪೂರ್ತಿ ಒಣಗಿದ ಮೇಲೆ ಮತ್ತೆ ತಿರುಗಿಸಿ. ಆತುರಪಟ್ಟರೆ ರಟ್ಟು ಕಿತ್ತು ಬರುತ್ತದೆ.

ಕಣ್ಣು

ಗೂಡನ್ನು ಕಿವಿಯ ಬಳಿ ಅಲ್ಲಾಡಿಸಿ. ಒಳಗೆ ಏನೋ ಗಡಗಡ ಎಂದರೆ ಅದನ್ನು ಬಿಡಿ. ಹುಳು ಉಳಿದ ಗೂಡು ನಾರುತ್ತದೆ. ಖಾಲಿ ಗೂಡನ್ನು ಬ್ಲೇಡಿನಿಂದ ಅಡ್ಡಲಾಗಿ ಕತ್ತರಿಸುವುದು ದೊಡ್ಡವರ ಕೆಲಸ. ತೂತಿಲ್ಲದ ತುದಿಗಳು ಗುಮ್ಮಟದ ಹಾಗೆ ಉಬ್ಬಿರುತ್ತವೆ, ಎರಡು ಗೂಡುಗಳಿಂದ ಒಂದು ಜೊತೆ ಕಣ್ಣು. ಬೈವೋಲ್ಟೈನ್ ಎಂಬ ರೇಷ್ಮೆ ಹುಳುವಿನ ತಳಿಯ ಗೂಡು ಬಿಳಿ, ಮಿಶ್ರತಳಿಯದು ಹಳದಿ. ಹಳದಿ ಕಣ್ಣಿನ ಗೂಬೆ ಬಹಳ ಚೆನ್ನಾಗಿ ಕಾಣುತ್ತದೆ. ಅಂಚಿಗೆ ಬರಿಯ ಗೋಂದು ನಿಲ್ಲುವುದಿಲ್ಲ, ನಾಲ್ಕು ಹೊಲಿಗೆ ಹಾಕಿ.

ಹೊಲಿಯುವ ಮೊದಲು ಬೊಂಬೆಯನ್ನು ಮಗುವಿನ ಕೈಗೆ ತೊಡಿಸಿ, ಕಣ್ಣುಗಳನ್ನು ಗುಂಡುಸೂಜಿಯಿಂದ ನೀವೇ ಸಿಕ್ಕಿಸಿ ನೋಡಿ. ಬಾಯಿಗೆ ಹತ್ತಿರವಿದ್ದಷ್ಟೂ ಮುಖಕ್ಕೆ ಕಳೆ. ಕಪ್ಪು ಪಾಪೆಗಳನ್ನು ಮೂಗಿನ ಕಡೆಗೆ ತುಸು ವಾಲಿಸಿ ಬರೆದರೆ ಬೊಂಬೆ ಎದುರಿನವರನ್ನೇ ನೋಡುತ್ತದೆ. ಆದರೆ ಯಾವ ಪ್ರಾಣಿ, ಎಂತಹ ಮುಖ ಎಂಬ ತೀರ್ಮಾನ ಮಗುವಿನದೇ. ಮನೆಯಲ್ಲಿ ಮೂರು ವರ್ಷದೊಳಗಿನ ಕೂಸಿದ್ದರೆ ಗುಂಡಿ, ಮಣಿ, ಗೂಡು ಬೇಡ, ನುಂಗಿಬಿಡಬಹುದು. ಬಟ್ಟೆಯ ಕಣ್ಣು ಹೊಲಿಯಿರಿ.

ಕೂದಲಿಗೆ ಉಣ್ಣೆ ದಾರವನ್ನು ನಾಲ್ಕು ಬೆರಳಿಗೆ ಸುತ್ತಿ, ನಡುವೆ ಕಟ್ಟಿ, ತುದಿ ಕತ್ತರಿಸಿ ಹೊಲಿದರಾಯಿತು. ತೆಂಗಿನ ನಾರೂ ಆಗುತ್ತದೆ. ಕಿವಿ, ಬಾಲಕ್ಕೆ ಚಿಂದಿ.

ಮಾತನಾಡಿಸುವುದು

ಮಕ್ಕಳು ಮಾತಿಗೆ ತಕ್ಕಂತೆ ನಾಲ್ಕು ಬೆರಳನ್ನು ಮೇಲೆತ್ತುತ್ತಾರೆ. ಆಗ ಬೊಂಬೆಯ ಕಣ್ಣು ಸೂರು ನೋಡುತ್ತದೆ. ಬೆರಳು ಅಲ್ಲೇ ಇರಲಿ, ಹೆಬ್ಬೆರಳು ಮಾತ್ರ ಕೆಳಗಿಳಿಯಲಿ. ಪ್ರತಿ ಅಕ್ಷರಕ್ಕೆ ಒಮ್ಮೆ ಬಾಯಿ ತೆರೆಯಬೇಕು: 'ಬನ್ನಿ' ಎಂದರೆ ಎರಡು ಸಲ, 'ಬರುವುದಿಲ್ಲ' ಎಂದರೆ ಐದು ಸಲ. ಕನ್ನಡಿಯ ಮುಂದೆ ಸ್ವಲ್ಪ ಹೊತ್ತು ಅಭ್ಯಾಸ ಮಾಡಿದರೆ ಕೈಗೆ ಹತ್ತುತ್ತದೆ.

ನಮ್ಮ ಚಿಕ್ಕಬಳ್ಳಾಪುರ, ಕೋಲಾರದ ಕಡೆ ಎಷ್ಟೋ ಮಕ್ಕಳು ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಆಡುತ್ತಾರೆ. ಬೊಂಬೆ ಎರಡನ್ನೂ ಬೆರೆಸಿ ಮಾತನಾಡಿದರೆ ದಯವಿಟ್ಟು ತಿದ್ದಬೇಡಿ. ಸಂಕೋಚದ ಮಗು ಬಾಯಿ ಬಿಡುವುದೇ ಆಗ.

ಬಾಗಿಲಿಗೆ ಅಡ್ಡಲಾಗಿ ಪಂಚೆ ಕಟ್ಟಿದರೆ ರಂಗಮಂಚ ಸಿದ್ಧ. ಕಥೆ ಹೊಳೆಯದಿದ್ದರೆ ಎರಡು ಬೊಂಬೆಗಳ ನಡುವೆ ಒಂದು ಜಗಳ ಹಚ್ಚಿ: ನಂದಿಬೆಟ್ಟದ ಕೋತಿಗೆ ಕಡಲೆಕಾಯಿ ಪೊಟ್ಟಣ ಬೇಕು, ಬೆಟ್ಟ ನೋಡಲು ಬಂದ ಅಜ್ಜಿ ಕೊಡುವುದಿಲ್ಲ. ಮುಂದಿನದನ್ನು ಮಕ್ಕಳೇ ನೋಡಿಕೊಳ್ಳುತ್ತಾರೆ.