ಹಳೆಯ ಚಾಲಿಸ್ ಮಾಡಿದ್ದು ಯಾರು? ನಾನು ಹುಡುಕಿದ ಬಗೆ

ಮೈಸೂರು ಸೀಮೆಯ ಹಳೆಯ ಕಥೋಲಿಕ ಚರ್ಚುಗಳಲ್ಲಿ ಫ್ರಾನ್ಸಿನ ಬೆಳ್ಳಿ ಕಂಡರೆ ಆಶ್ಚರ್ಯ ಬೇಡ. 19ನೇ ಶತಮಾನದಲ್ಲಿ ಇಲ್ಲಿ ಸೇವೆ ಮಾಡಿದ ಪಾದ್ರಿಗಳಲ್ಲಿ ಬಹಳ ಮಂದಿ ಪ್ಯಾರಿಸ್‌ನ ವಿದೇಶಿ ಮಿಷನ್ ಸಂಸ್ಥೆಯವರು. ಅಂಥ ಒಂದು ಚರ್ಚಿನ ಫಾದರ್, ಬಲಿಪೂಜೆಯಲ್ಲಿ ದ್ರಾಕ್ಷಾರಸ ಹಾಕುವ ಚಾಲಿಸ್ ಮತ್ತು ರೊಟ್ಟಿ ಇಡುವ ಪ್ಯಾಟನ್ ತಟ್ಟೆ ಯಾರು ಮಾಡಿದ್ದು ನೋಡಿ ಅಂದರು.

"ಪಾಲಿಶ್ ಮಾತ್ರ ಮಾಡಿಸಬೇಡಿ ಫಾದರ್" ಅಂತ ಮೊದಲೇ ಹೇಳಿದೆ. ಬೆಳ್ಳಿಯ ಮೇಲೆ ಒತ್ತಿದ ಗುರುತಿನ ಮುದ್ರೆ ಇರುವುದೇ ಎರಡು ಮೂರು ಮಿಲಿಮೀಟರ್. ಉಜ್ಜಿದಷ್ಟೂ ಸವೆಯುತ್ತದೆ.

ಹತ್ತಿಯ ಗ್ಲೌಸ್ ಹಾಕಿಕೊಂಡು, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರ ಹಿಡಿದು ಕೂತೆ. ಟಾರ್ಚ್ ನೇರ ಬಿಟ್ಟರೆ ಬೆಳ್ಳಿ ಸುಮ್ನೆ ಹೊಳೆಯುತ್ತದೆ. ಪಕ್ಕದಿಂದ ಓರೆಯಾಗಿ ಬಿಟ್ಟಾಗ ಬಟ್ಟಲಿನ ಅಂಚಿನ ಕೆಳಗೆ ಎರಡು ಗುರುತು ಎದ್ದು ಕಂಡವು. ಒಂದು, ಶಿರಸ್ತ್ರಾಣ ತೊಟ್ಟ ಹೆಣ್ಣಿನ ತಲೆ, ಹಣೆಯ ಮುಂದೆ 1. ಇದು ರೋಮನ್ನರ ಮಿನರ್ವಾ ದೇವತೆ, 1838ರಿಂದ ಫ್ರಾನ್ಸಿನ ಸರ್ಕಾರಿ ಮುದ್ರೆ. 1 ಅಂದರೆ ಸಾವಿರಕ್ಕೆ 950 ಪಾಲು ಬೆಳ್ಳಿ. ಗದ್ದದ ಕೆಳಗೆ 2 ಇದ್ದರೆ 800.

ಮಾಡಿದವರ ಗುರುತು ಇರುವುದು ಇನ್ನೊಂದರಲ್ಲಿ. ಡೈಮಂಡ್ ಆಕಾರದ ಚೌಕಟ್ಟು, ಒಳಗೆ ಅಕ್ಷರಗಳು, ಜೊತೆಗೊಂದು ಪುಟ್ಟ ಚಿತ್ರ. ಒಂದೇ ಅಕ್ಷರಗಳನ್ನು ಎಷ್ಟೋ ಕುಶಲಕರ್ಮಿಗಳು ಬಳಸಿದ್ದಾರೆ, ಅದಕ್ಕೇ ಚಿತ್ರ ಮುಖ್ಯ. ಬಟ್ಟಲಿನಲ್ಲಿ ಅದು ಸವೆದಿತ್ತು. ಪ್ಯಾಟನ್ ಅಂಚಿನಲ್ಲಿ ಅದೇ ಮುದ್ರೆ ಚೊಕ್ಕವಾಗಿ ಉಳಿದಿತ್ತು! ಎಲ್ಲ ಕಡೆಯಿಂದ ಬೆಳಕು ಬಿಟ್ಟು ಫೋಟೋ ತೆಗೆದೆ, ಕಾಗದದ ಮೇಲೆ ದೊಡ್ಡದಾಗಿ ಬರೆದುಕೊಂಡೆ. ಕೈಯಲ್ಲಿ ಬಿಡಿಸುವಾಗ ಫೋಟೋದಲ್ಲಿ ಕಾಣದ್ದೂ ಕಾಣುತ್ತದೆ.

ಆಮೇಲೆ ಫ್ರಾನ್ಸಿನ ಸಂಸ್ಕೃತಿ ಇಲಾಖೆಯ ಪಾಲಿಸ್ಸಿ ಡೇಟಾಬೇಸ್. ಅಲ್ಲಿನ ಚರ್ಚುಗಳ ಪಾತ್ರೆಗಳ ವಿವರ, ಎಷ್ಟೋ ಕಡೆ ಮುದ್ರೆಯ ವರ್ಣನೆ ಸಮೇತ ಇದೆ. ಫ್ರೆಂಚ್‌ನಲ್ಲೇ ಹುಡುಕಬೇಕು, ತಾಳ್ಮೆ ಬೇಕು. ಅಕ್ಷರ, ಚಿತ್ರ ಎರಡೂ ಹೊಂದುವ ಹೆಸರು ಸಿಕ್ಕಿತು. ಆ ಕಾರ್ಖಾನೆ ನಡೆದ ವರ್ಷಗಳಿಂದ ಚಾಲಿಸ್‌ನ ಕಾಲವೂ ಇನ್ನಷ್ಟು ಖಚಿತವಾಯಿತು.

ಯುರೋಪಿನ ಮಧ್ಯಯುಗದ ಗಾಥಿಕ್ ಶೈಲಿಯ ಕೆತ್ತನೆ ನೋಡಿದ ತಕ್ಷಣ ಇದು ಪ್ಯಾರಿಸ್‌ನ ಪೂಸಿಯೆಲ್ಗ್-ರುಸಾಂ ಅಥವಾ ಲಿಯೋಂನ ಅರ್ಮಾಂ-ಕಾಲಿಯಾ ಕಾರ್ಖಾನೆಯದ್ದೇ ಅನ್ನುವವರಿದ್ದಾರೆ. ನಾನು ಒಪ್ಪಲ್ಲ. ಆ ಶೈಲಿಯಲ್ಲಿ ಬೇರೆ ಕಾರ್ಖಾನೆಗಳೂ ಮಾಡುತ್ತಿದ್ದವು. ಚಾಲಿಸ್ ಇಡುವ ಪೆಟ್ಟಿಗೆಯ ಒಳಗಿನ ಹೆಸರೂ ಮಾರಿದ ಅಂಗಡಿಯದ್ದಾಗಿರಬಹುದು, ಅಲ್ವಾ?

ಚಾಲಿಸ್‌ನ ಪಾದದಲ್ಲಿ ಮುದ್ರೆಯೇ ಇರಲಿಲ್ಲ. ಬುಡದಲ್ಲಿ ಲೇಪ ಹೋಗಿ ಕೆಂಪಗೆ ತಾಮ್ರ ಇಣುಕುತ್ತಿತ್ತು. ಆ ಕಾಲದಲ್ಲಿ ಇದು ಮಾಮೂಲಿ. ದ್ರಾಕ್ಷಾರಸ ತಾಗುವ ಬಟ್ಟಲು ಬೆಳ್ಳಿಯದು, ಒಳಗೆ ಚಿನ್ನದ ಲೇಪ; ಖರ್ಚು ಉಳಿಸಲು ಪಾದ ಮಾತ್ರ ತಾಮ್ರದ್ದು. ತಿರುಪಿನಿಂದ ಜೋಡಿಸಿದ್ದರಿಂದ ಪಾದ ನಡುವೆ ಬದಲಾಗಿರಲೂಬಹುದು. ಹಾಗಾಗಿ ರಿಜಿಸ್ಟರಿನಲ್ಲಿ ಬಟ್ಟಲು, ಪ್ಯಾಟನ್‌ಗಳಿಗೆ ಮಾತ್ರ ತಯಾರಕರ ಹೆಸರು ಬರೆದೆವು, ಪಾದದ ಮುಂದೆ "ಮುದ್ರೆ ಇಲ್ಲ". ಕಳ್ಳರ ಭಯಕ್ಕೆ ಚರ್ಚಿನ ಹೆಸರನ್ನೂ ತಯಾರಕರ ಹೆಸರನ್ನೂ ಇಲ್ಲಿ ಹೇಳುತ್ತಿಲ್ಲ. ಮುದ್ರೆಗಳ ಫೋಟೋಗಳನ್ನು ಅದೇ ಪುಟಕ್ಕೆ ಅಂಟಿಸಿದ್ದೇವೆ. ನಾಳೆ ಕಳುವಾದರೆ ಪೊಲೀಸರಿಗೆ ತೋರಿಸಲು ಅದೊಂದು ಒಳ್ಳೆಯ ಗುರುತು.